ಆಧಾರ ಬೇಕು

ಅಳಿಯ ಆ ಸಾಲನ್ನು ಅಳಿಸಿದ. ಈ ತಿಂಗಳಲ್ಲಿ ಇದು ಇಪ್ಪತ್ತಮೂರನೆಯ ಸಲ.

ನಾಲ್ಕೇ ನಿಮಿಷದಲ್ಲಿ ಸಾಲು ಮತ್ತೆ ಬಂದು ಕೂತಿತು: ‘ಅಪಘಾತದ ವೇಳೆ ದೋಣಿಯ ಚಾಲಕ ಕುಡಿದಿದ್ದ.’ ಕೆಳಗೊಂದು ಎಚ್ಚರಿಕೆ: ಕಿಡಿಗೇಡಿತನ ಮುಂದುವರಿದರೆ ಪುಟಕ್ಕೆ ಬೀಗ ಹಾಕಲಾಗುವುದು.

ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಅದು. ಚಾಲಕನ ಮನೆಯವರು ಮಾತ್ರ ತಿದ್ದುವ ಹಾಗಿಲ್ಲ.

ಚಾಲಕ ಎಂದರೆ ಮಾವ. ಒಂಬತ್ತು ವರ್ಷದ ಹಿಂದೆ, ಮಂಜು ಕವಿದ ಬೆಳಗ್ಗೆ, ಅವರ ದೋಣಿ ದೀಪವಿಲ್ಲದ ಸೇತುವೆ ಕಂಬಕ್ಕೆ ಬಡಿದು ಏಳು ಜನ ಹೋದರು. ಮಾವ ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ತನಿಖೆಯ ವರದಿಯಲ್ಲಿ ಕುಡಿತದ ಮಾತೇ ಇಲ್ಲ. ಕುಡಿದಿರಲಿಲ್ಲ ಎಂದೂ ಇಲ್ಲ. ಕೇಳದ ಪ್ರಶ್ನೆಗೆ ಯಾವ ವರದಿ ಉತ್ತರ ಬರೆಯುತ್ತದೆ?

ಈಗ ಅವರು ಹಾಸಿಗೆ ಹಿಡಿದಿದ್ದರು. ಡಾಕ್ಟರು ವಾರಗಳ ಲೆಕ್ಕದಲ್ಲಿ ಮಾತಾಡುತ್ತಿದ್ದರು. ಹೋಗುವುದರೊಳಗೆ ಆ ಸಾಲು ಹೋಗಬೇಕು, ಅಷ್ಟೇ ಅವರ ಆಸೆ. ಸುಳ್ಳು ಹೇಳಿ ಸಮಾಧಾನ ಮಾಡುವಂತಿರಲಿಲ್ಲ. ಫೋನನ್ನು ಮೂಗಿಗೆ ಹಿಡಿದು ದಿನವೂ ತಾವೇ ಓದುತ್ತಿದ್ದರು.

“ಹೋಯ್ತಾ?”

“ಇನ್ನೂ ಇಲ್ಲ ಮಾವ.”

“ಅದನ್ನ ಬರೆದವನ ಕೈಗೆ ಹುಳ ಬೀಳ್ಲಿ,” ಎನ್ನುತ್ತಿದ್ದಳು ಹೆಂಡತಿ. ಅಳಿಯ ಶಾಪ ಹಾಕುವವನಲ್ಲ. ಎದ್ದು ಹೋಗಿ ಮಾವನ ಮಾತ್ರೆ ತರುತ್ತಿದ್ದ.

ಆ ಸಾಲಿಗೆ ಆಧಾರವಾಗಿ ಒಂದು ಪತ್ರಿಕೆಯ ಲೇಖನ ತೋರಿಸಿದ್ದರು. ಅಳಿಯ ರಜೆ ಹಾಕಿ ಪತ್ರಿಕೆಯ ಕಚೇರಿಗೆ ಹೋದ. ಉಪಸಂಪಾದಕ ಟೀ ತರಿಸಿ, ಹಳೆಯ ಕಡತ ತೆಗೆಸಿ, ತಲೆ ಕೆರೆದುಕೊಂಡ. “ನಾವೇನು ಕನಸು ಕಂಡು ಬರೀತೀವಾ ಸಾರ್? ವಿಶ್ವಕೋಶದಲ್ಲಿತ್ತು, ತಗೊಂಡ್ವಿ.”

ಎಲ್ಲಕ್ಕಿಂತ ಮೊದಲು ಅದನ್ನು ವಿಶ್ವಕೋಶಕ್ಕೆ ಸೇರಿಸಿದವನಿಗೆ ಹೆಸರೇ ಇರಲಿಲ್ಲ. ಬರೀ ಅಂಕಿಗಳು, ದೋಣಿಕಟ್ಟೆಯ ಯಾವುದೋ ಕಂಪ್ಯೂಟರಿನವು. ಅಳಿಯ ಅಲ್ಲೇ ಟಿಕೆಟ್ ಕೊಡುವವನು. ಅಲ್ಲಿನ ಹಳೆಯ ಯಂತ್ರಗಳೆಲ್ಲ ಎಂದೋ ಗುಜರಿಗೆ ಹೋಗಿದ್ದವು.

ಪುಟ ಕಾಯುತ್ತಿದ್ದವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಕೆಟ್ಟವರಲ್ಲ, ಹಟಮಾರಿ. ಇದನ್ನೆಲ್ಲ ಬರೆದು ತಿಳಿಸಿದಾಗ ಅವರಿಂದ ಉತ್ತರ ಬಂತು: ‘ಪತ್ರಿಕೆ ತಪ್ಪೊಪ್ಪಿಕೊಂಡು ಅಚ್ಚು ಹಾಕಲಿ. ಇಲ್ಲವೇ ಮೊದಲು ಬರೆದವನೇ ಬಂದು ಸುಳ್ಳೆಂದು ಒಪ್ಪಿಕೊಳ್ಳಲಿ. ಆಗ ನೋಡೋಣ.’

ಹೆಂಡತಿಯ ಕಣ್ಣು ಅರಳಿತು. “ರೀ, ನೀವೇ ಬರೆದದ್ದು ಅಂತ ಹೇಳ್ಬಿಡಿ.”

“ನಾನಾ?”

“ದೋಣಿಕಟ್ಟೆಯವರೇ ತಾನೇ ನೀವು? ಅಪ್ಪನಿಗೋಸ್ಕರ ಒಂದು ಸುಳ್ಳು. ಅಷ್ಟೂ ಆಗಲ್ವಾ?”

ಎರಡು ಸಾಲಿನ ಪತ್ರಕ್ಕೆ ಅವನು ಇಡೀ ಭಾನುವಾರ ಕೂತ. ಬರೆದ, ಒರೆಸಿದ, ಬೆವೆತ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಪಾಡು ನೋಡಿ ಹೆಂಡತಿಗೆ ಅಯ್ಯೋ ಎನಿಸಿತು. ಕೊನೆಗೆ ಪತ್ರ ಒಂದು ಪುಟವಾಯಿತು: ತಾನು ಚಾಲಕನ ಮಗಳನ್ನು ಮದುವೆಗೆ ಕೇಳಿದ್ದು, ಆತ ಬಾಗಿಲಲ್ಲೇ ನಿಲ್ಲಿಸಿ ಆಗದು ಎಂದದ್ದು, ಮರುದಿನ ಊಟದ ಬಿಡುವಿನಲ್ಲಿ ಹೊಟ್ಟೆಯುರಿ ತಡೆಯದೆ ಆ ಸಾಲು ಗೀಚಿದ್ದು, ಸಂಜೆಯೊಳಗೆ ಯಾರಾದರೂ ಅಳಿಸುತ್ತಾರೆ ಬಿಡು ಎಂದುಕೊಂಡದ್ದು.

ಹೆಂಡತಿ ಓದಿ ಬೆರಗಾದಳು. “ಅಪ್ಪ ಮೊದಲು ಬೇಡ ಅಂದಿದ್ದನ್ನೂ ಸೇರಿಸಿದ್ದೀರಲ್ಲ! ಯಾರಾದ್ರೂ ನಂಬ್ಲೇಬೇಕು.”

ಮೇಷ್ಟ್ರು ನಂಬಲಿಲ್ಲ. ‘ನೀವು ಅವರ ಅಳಿಯ. ಮಾವನ ಮಾನ ಉಳಿಸಲು ಕಥೆ ಕಟ್ಟಿದ್ದೀರಿ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನೀವೇ ಬರೆದಿರಿ ಎನ್ನುವುದಕ್ಕೆ ಆಧಾರ ಬೇಕು.’ ಪುಟಕ್ಕೆ ಬೀಗ ಬಿತ್ತು. ಸಾಲು ಒಳಗೇ ಉಳಿಯಿತು.

ಹೆಂಡತಿ ಅತ್ತಳು. ಅತ್ತು, ಅಪ್ಪನಿಗೆ ಎಲ್ಲ ಹೇಳಿದಳು. ಮಾವ ಫೋನನ್ನು ಮಗುಚಿಟ್ಟರು. ಇನ್ನು ಅದನ್ನು ಮುಟ್ಟುವ ಆಸೆ ಅವರಿಗೆ ಉಳಿದಿರಲಿಲ್ಲ. ಅಳಿಯನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು.

“ಲೋಕ ನನ್ನನ್ನ ಕುಡುಕ ಅಂತಾನೇ ನೆನಪಿಟ್ಕೊಳ್ಳುತ್ತೆ, ಆಯ್ತು. ಆದ್ರೆ ನನಗೋಸ್ಕರ ಇಂಥ ಕೊಳಕನ್ನ ಮೈಮೇಲೆ ಎಳ್ಕೊಂಡೆಯಲ್ಲಪ್ಪ. ಹೆತ್ತ ಮಗನೂ ಮಾಡ್ತಿರಲಿಲ್ಲ.”

ಆ ಪತ್ರದಲ್ಲಿ ಅಳಿಯ ಒಂದೇ ಒಂದು ಸುಳ್ಳನ್ನೂ ಬರೆದಿರಲಿಲ್ಲ.