ಹೊಟ್ಟೆಯಿಲ್ಲದ ಡೈನೋಸಾರ್

ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿದ ವಾಸನೆ ಬಂದರೆ ಈಗಲೂ ಹರದನಹಳ್ಳಿಯ ನಮ್ಮ ಜಗಲಿ ನೆನಪಾಗುತ್ತದೆ. ಒಂದು ಬದಿ ಬೆಳ್ಳಗಾಗುವಂತೆ ಉಜ್ಜಿದ ಆ ಬೀಜಗಳೇ ನಮ್ಮ ಕಥೆಯಾಟದ ದಾಳ. ಆಟದಲ್ಲಿ ತಂಗಿ ಬೇಟೆಗಾರ್ತಿ, ಅವಳಿಗೊಂದು ಎತ್ತು. ಕಥೆ ಹೇಳುತ್ತ, ಚಿಪ್ಸ್ ಪೊಟ್ಟಣದಲ್ಲಿ ಸಿಕ್ಕ, ಮಾಂಸ ತಿನ್ನುವ ಜಾತಿಯ ಪ್ಲಾಸ್ಟಿಕ್ ಡೈನೋಸಾರನ್ನು ಆಡಿಸುವವನು ನಾನು. ಅದರ ಬಲ, ವೇಗ ಎಲ್ಲವೂ ನಾನು ಕಟ್ಟಿದ ನಿಯಮ. ಒಂದು ದಿನ ಅದು ಅವಳ ಎತ್ತನ್ನು ತಿಂದಿತು. ಕೂಡಲೇ ಅವಳ ಮೇಲೂ ಬಿಡಲು ಬೀಜ ಎತ್ತಿಕೊಂಡೆ.

ಮೊರದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ, “ಪುಣಜನೂರು ಕಾಡ್ನ ಉಲಿನೂವೆ ಎತ್ತು ತಿಂದ್ಮೇಲ ಮನಿಕತ್ತದ ಕಣ್ಲಾ. ನಿನ್ ಪ್ರಾಣಿಗೆ ಒಟ್ಟೆನೇ ಇಲ್ವಾ?” ಅಂದಳು.

“ಇದು ಉಲಿ ಅಲ್ಲ, ಸುಮ್ನಿರಜ್ಜಿ,” ಎಂದು ಬೀಜ ಚೆಲ್ಲಿದೆ. ಬೇಟೆಗಾರ್ತಿ ಸತ್ತಳು.

“ನಿನ್ ಆಟ ನೀನೇ ಆಡ್ಕೊ,” ಎಂದು ತಂಗಿ ಎದ್ದುಹೋದಳು.

ಸಂಜೆ ಹೊಸ ನಿಯಮ ಮಾಡಿದೆ: ತಿಂದ ಡೈನೋಸಾರ್ ಮೂರು ಸುತ್ತು ನಿದ್ದೆ ಮಾಡಬೇಕು. ಅದನ್ನು ಹೇಳಲು ಒಳಗೆ ಹೋದಾಗ ತಂಗಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಬಗ್ಗಿ ನೋಡಿದರೆ ಕಣ್ಣು ತೆರೆದೇ ಇತ್ತು.