ನೊಣಗಳು ಹಿಡಿದ ದಾರಿ

ಶೀಶೆಯ ಬಿರಡೆ ತೆಗೆದದ್ದೇ ತಡ, ನೊಣಗಳು ಮೇಜಿನ ಆ ತುದಿಯಲ್ಲಿಟ್ಟಿದ್ದ ಕೊಳೆತ ಬಾಳೆಹಣ್ಣಿನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಹೋಗಿ ಪರೀಕ್ಷಕರ ಮೀಸೆಯ ಮೇಲೆ ಕೂತವು.

ನೊಣದಕ್ಕ ಬಿರಡೆ ಹಿಡಿದೇ ನಿಂತುಬಿಟ್ಟಳು. ವರ್ಷಗಟ್ಟಲೆ ಹಣ್ಣುನೊಣ ಸಾಕಿ, ಅವಕ್ಕೆ ಹೊತ್ತುಹೊತ್ತಿಗೆ ಬಡಿಸಿ, ತಾನು ಹೊತ್ತು ಮೀರಿ ಉಂಡು, ಅಪ್ಪ ಅಮ್ಮ ಇಟ್ಟ ಹೆಸರನ್ನೂ ಕಳೆದುಕೊಂಡು ಇಡೀ ಕಾಲೇಜಿಗೆ ನೊಣದಕ್ಕ ಆದವಳು ಅವಳು. ಇವತ್ತು ಪರೀಕ್ಷಕರು ಸೈ ಅಂದರೆ ಡಾಕ್ಟರ್ ನೊಣದಕ್ಕ. ಇಲ್ಲವೆಂದರೆ ಬರೀ ನೊಣದಕ್ಕ. ಇನ್ನೊಂದು ಅವಕಾಶವಿಲ್ಲ ಎಂದು ಕಚೇರಿಯವರು ಮೊದಲೇ ಹೇಳಿಬಿಟ್ಟಿದ್ದರು. ಅವಳು ಬರೆದ ದಪ್ಪ ಪ್ರಬಂಧದ ತಿರುಳು ಇಷ್ಟೇ: ಹುಳಿ ಬಂದ ವಾಸನೆ ಎಲ್ಲಿದೆಯೋ ಹಣ್ಣುನೊಣ ಅಲ್ಲಿಗೆ ಹೋಗುತ್ತದೆ. ಇದು ಹಣ್ಣಿನಂಗಡಿಯವನಿಗೂ ಗೊತ್ತು. ಆದರೆ ಅವನು ಇದನ್ನು ‘ರಾಸಾಯನಿಕ ಅನುಚಲನೆ’ ಎನ್ನುವುದಿಲ್ಲವಲ್ಲ, ಅದಕ್ಕೇ ಅವನು ಇನ್ನೂ ತಕ್ಕಡಿ ಹಿಡಿದು ನಿಂತಿದ್ದಾನೆ.

“ಏನಮ್ಮಾ ಇದು?” ಪರೀಕ್ಷಕರು ಗುಡುಗಿದರು. “ಪ್ರಬಂಧದಲ್ಲಿ ಬರ್ದಿರೋದು ಒಂದು, ಇಲ್ಲಿ ಆಗ್ತಿರೋದು ಇನ್ನೊಂದು. ಹಣ್ಣು ಅಲ್ಲಿದೆ. ಇವು ಇಲ್ಲಿಗ್ಯಾಕೆ ಬಂದ್ವು? ವಿವರಿಸು!”

ನೊಣ ಓಡಿಸಲು ಹತ್ತಿರ ಹೋದವಳಿಗೆ ವಿವರಣೆ ತಾನಾಗಿಯೇ ಮೂಗಿಗೆ ಬಡಿಯಿತು. ಊಟವಾದ ಮೇಲೆ ಪರೀಕ್ಷಕರು ‘ಸ್ವಲ್ಪ ವಿಶ್ರಾಂತಿ’ ಎಂದು ಅತಿಥಿಗೃಹದ ಬಾಗಿಲು ಹಾಕಿಕೊಂಡಿದ್ದರು. ಬಾಯಿಗೆ ಪೆಪ್ಪರ್‌ಮೆಂಟೇನೋ ಹಾಕಿಕೊಂಡೇ ಬಂದಿದ್ದರು. ಪೆಪ್ಪರ್‌ಮೆಂಟು ಮನುಷ್ಯರಿಗೆ ಟೋಪಿ ಹಾಕಬಹುದು, ನೊಣಕ್ಕೆ ಹಾಕಲಾಗುವುದಿಲ್ಲ. ಈಗ ಕಾರಣ ಹೇಳಿದರೂ ಡಾಕ್ಟರೇಟ್ ಹೋಯಿತು, ಹೇಳದಿದ್ದರೂ ಹೋಯಿತು. ಅತ್ತ ದರಿ, ಇತ್ತ ಪುಲಿ, ನಡುವೆ ಗುಂಯ್‌ಗುಡುವ ನೊಣ.

ಅವಳ ಗೈಡು ಎದ್ದು ನಿಂತರು. ಎದ್ದು ನಿಲ್ಲುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. “ಸಾರ್, ಅನುಚಲನೆ ಅಂದ್ರೆ ಬರೀ ವಾಸನೆಯಾ? ಬೆಳಕಿನ ಕಡೆ ಹೋದ್ರೂ ಅನುಚಲನೇನೇ ಸಾರ್. ನಿಮ್ಮ ಮುಖದಲ್ಲಿ ಆ ಕಳೆ ಇದೆಯಲ್ಲ, ಪಾಪ, ಅವಾದ್ರೂ ಏನು ಮಾಡ್ತವೆ?”

ಪರೀಕ್ಷಕರಿಗೆ ಒಳಗೊಳಗೇ ಖುಷಿಯಾಯಿತು. ಆದರೂ ವಿಜ್ಞಾನ ವಿಜ್ಞಾನವೇ. ಪರದೆ ಎಳೆಸಿದರು. ಕೋಣೆ ಮಬ್ಬುಗತ್ತಲಾಯಿತು. ನೊಣಗಳು ಕದಲಲಿಲ್ಲ.

“ಹಾಗಾದ್ರೆ ಶಾಖ ಸಾರ್! ಬಿಸಿ ಇದ್ದ ಕಡೆ ಹೋಗೋದೂ ಅನುಚಲನೇನೇ. ಓದಿ ಓದಿ ಕಾದ ತಲೆ ನಿಮ್ದು.”

ಪರೀಕ್ಷಕರು ಹಬೆಯಾಡುವ ನೀರಿನ ಲೋಟ ತರಿಸಿ ಪಕ್ಕದಲ್ಲೇ ಇಡಿಸಿದರು. ಒಂದೇ ಒಂದು ನೊಣ ಎದ್ದು ಹೋಗಬೇಕಲ್ಲ? ಊಹೂಂ. ಬದಲಿಗೆ ಕಿಟಕಿಯ ಸಂದಿಯಿಂದ ಕ್ಯಾಂಟೀನಿನ ನೊಣಗಳು ಬಂದವು, ಕಸದ ತೊಟ್ಟಿಯ ನೊಣಗಳು ಸಂಸಾರ ಸಮೇತ ಬಂದವು. ಎಂದೋ ನರೆತು ಬೆಳ್ಳಗಾಗಿದ್ದ ಮೀಸೆ ನೋಡನೋಡುತ್ತಿದ್ದಂತೆ ಕಾಲೇಜು ಹುಡುಗನ ಮೀಸೆಯ ಹಾಗೆ ಕಪ್ಪಾಯಿತು.

“ಬೆಳಕಲ್ಲ, ಶಾಖ ಅಲ್ಲ. ಹಣ್ಣಿನ ವಾಸನೆಯಂತೂ ಮೊದಲೇ ಅಲ್ಲ,” ಪರೀಕ್ಷಕರು ಪ್ರಬಂಧವನ್ನು ಅವಳ ಕಡೆ ತಳ್ಳಿದರು. “ಪ್ರಯೋಗವೇ ಸುಳ್ಳು. ತಗೊಂಡು ಹೋಗಮ್ಮ.”

ನೊಣದಕ್ಕ ತಗೊಳ್ಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡಳು.

“ಸುಳ್ಳಲ್ಲ ಸಾರ್. ನನ್ನ ನೊಣಕ್ಕೆ ಸುಳ್ಳು ಹೇಳೋಕೆ ಬರಲ್ಲ. ಎರಡು ಕಡೆ ವಾಸನೆ ಇದ್ರೆ ಯಾವುದು ಜೋರೋ ಅಲ್ಲಿಗೆ ಹೋಗ್ತವೆ. ಇವತ್ತಿಂದೂ ಪ್ರಬಂಧಕ್ಕೆ ಸೇರಿಸಿಬಿಡ್ತೀನಿ. ಆದ್ರೆ ಒಂದು ನಿಯಮ ಇದೆ, ನಿಮಗೆ ಗೊತ್ತಿಲ್ಲದ್ದೇನಲ್ಲ. ವಾಸನೆ ಎಲ್ಲಿಂದ ಬಂತು, ಯಾವ ಸರಕು, ಎಷ್ಟು ಹಳೇದು, ಎಷ್ಟು ಹಾಕಿದ್ದು, ಎಲ್ಲಾ ಬರೀಬೇಕು. ಬಾಳೆಹಣ್ಣಿಂದು ಬರ್ದಿದೀನಿ. ಇನ್ನೊಂದು ಕಡೇದು...” ಅವಳು ಪೆನ್ನು ತೆಗೆದಳು. “ನೀವೇ ಹೇಳಿಬಿಟ್ರೆ ಬರ್ಕೋತೀನಿ ಸಾರ್.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪರೀಕ್ಷಕರು ಮೀಸೆ ಮುಟ್ಟಿ ನೋಡಿಕೊಂಡರು. ಆಮೇಲೆ ಪ್ರಬಂಧವನ್ನು ಮೆಲ್ಲಗೆ ವಾಪಸು ಎಳೆದುಕೊಂಡರು.

“ಅಯ್ಯೋ, ಸೇರಿಸೋದೆಲ್ಲ ಯಾಕಮ್ಮಾ? ಈಗಲೇ ಇಷ್ಟು ದಪ್ಪ ಇದೆ. ಪ್ರಯೋಗ ಅದ್ಭುತ!” ಎಂದವರೇ ಗರಗರ ಸಹಿ ಹಾಕಿ ಎದ್ದರು. ಅವರು ಮುಂದೆ, ನೊಣಗಳ ದಿಬ್ಬಣ ಹಿಂದೆ. ಕಾರಿನವರೆಗೂ ಬೀಳ್ಕೊಟ್ಟು ಬಂದವು.

ನೊಣದಕ್ಕ ಗೈಡಿನ ಕಡೆ ತಿರುಗಿದಳು. “ಸಾರ್, ನಿಮ್ಗೆ ವಾಸನೆ ಬರ್ಲಿಲ್ವಾ?”

ಗೈಡು ಪರದೆ ಸರಿಸುತ್ತಾ ನಕ್ಕರು. “ಬರ್ದೇ ಏನು ತಾಯೀ? ಅತಿಥಿಗೃಹಕ್ಕೆ ಬಾಟಲಿ ಕೊಟ್ಟು ಕಳಿಸಿದವನೇ ನಾನು.”

“ಅಯ್ಯೋ! ಯಾಕ್ ಸಾರ್?”

“ಯಾಕೆ ಅಂದ್ರೆ? ನೀನು ನೊಣಕ್ಕೆ ಹಣ್ಣಿಟ್ಟು ಕೂತುಬಿಟ್ಟೆ. ಪರೀಕ್ಷಕರು ನಮ್ಮ ಕಡೆ ಬರೋಕೆ ಯಾರಾದ್ರೂ ಏನಾದ್ರೂ ಇಡಬೇಕಲ್ಲಮ್ಮಾ!”