ಜವುಗಿನ ಹಾದಿ

ಗೌರವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕುತ್ತಿದ್ದಳು. ಅಂಗಳದಲ್ಲಿ ಯಾರೋ ಕೆಮ್ಮಿದರು. ಕೆಮ್ಮಿನಿಂದಲೇ ಗೊತ್ತಾಯಿತು, ಪೊಲೀಸ್ ಪಾಟೀಲ ಮುರಿಗೆಪ್ಪಗೌಡರು. ಒಲೆಯ ಪಕ್ಕ ಒಣಗಲು ನಿಲ್ಲಿಸಿದ್ದ ರೊಟ್ಟಿಗಳ ಮೇಲೆ ಅವಳು ಮೊರ ಬೋರಲು ಹಾಕುವಷ್ಟರಲ್ಲಿ ಗೌಡರು ಪಡಸಾಲೆ ಹತ್ತಿ ಆಗಿತ್ತು.

"ಕಟಕ ರೊಟ್ಟಿ ಮಾಡಾಕತ್ತೀಯಲ್ಲವ್ವ. ಯಾವ ಊರಿಗೆ ಪಯಣ?"

ಮನೆಯವರು ಉಣ್ಣುವುದು ಮೆತ್ತನೆಯ ಬಿಸಿ ರೊಟ್ಟಿ. ಒಣಗಿಸಿದ ಕಟಕ ರೊಟ್ಟಿ ಮಾಡುವುದು ದೂರದ ಬುತ್ತಿಗೆ. ಇದು ಘೋಡಗೇರಿ ಊರಿನ ಕೂಸಿಗೂ ಗೊತ್ತು.

"ಎಲ್ಲಮ್ಮನ ಗುಡ್ಡಕ್ಕ ಹೋಗಬೇಕಂತ ಮಾಡೇವ್ರಿ."

"ಹುಣ್ಣಿಮಿ ಮುಗದ ಮ್ಯಾಲೆ?" ಗೌಡರು ನಕ್ಕರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. "ಸುಳ್ಳು ಹೇಳಾಕ ನಿನಗ ಬರೂದಿಲ್ಲ, ಗೌರವ್ವ. ನಿನ್ನ ಮೈದುನ ದುಂಡಪ್ಪ ಸರಕಾರದ ತಂತಿ ಕಡದು ಗುಡ್ಡ ಸೇರ್‍ಯಾನ. ಅವಗ ಬುತ್ತಿ ಹೋಗೂದು ಇದ ಮನಿಯಿಂದ. ಇವತ್ತ ಅವನ್ನ ಹುಡುಕ್ಕೋತ ಫೌಜದಾರ ಚಾವಡಿಗೆ ಬರ್ತಾನ. ಗುಡ್ಡದ ಹಾದಿ ನನಗ ಗೊತ್ತಿಲ್ಲಂದ್ರ ನಂಬ್ತಾನೇನು? ನಂದೂ ಸರಕಾರ ಕೊಟ್ಟ ವತನದ ಹೊಲ ಐತಿ, ಮಕ್ಕಳದಾವ."

ಗೌರವ್ವ ಮತ್ತೊಂದು ರೊಟ್ಟಿ ತಟ್ಟಿ ಹಂಚಿಗೆ ಹಾಕಿದಳು.

ಕಂಬಕ್ಕೆ ಒರಗಿ ಓದುತ್ತಿದ್ದ ಮಗಳು ಶಂಕ್ರವ್ವ ಓದು ನಿಲ್ಲಿಸಿದ್ದಳು. ಗೋಕಾಕದ ಇಂಗ್ಲಿಷ್ ಸಾಲಿ ಸ್ವಾತಂತ್ರ್ಯ ಚಳವಳಿಯಿಂದ ಮುಚ್ಚಿದ್ದಕ್ಕೆ ಅವಳು ಊರಿಗೆ ಬಂದಿದ್ದಳು. ಗೌಡರು ಅವಳ ಕಡೆ ತಿರುಗಿದರು.

"ಏನ ಓದಾಕತ್ತೀ ಮಗಳ?"

"ಇಂಗ್ಲಂಡದ ಇತಿಹಾಸರಿ, ಅಜ್ಜಾರ."

"ಹೇಳು, ನಾನೂ ಒಂದಿಷ್ಟು ಶಾಣ್ಯಾ ಆಗ್ತೀನಿ."

"ಸ್ಯಾಕ್ಸನ್ ಮಂದಿ ಅಂತ, ಅಲ್ಲೀ ಒಕ್ಕಲು. ಸಮುದ್ರ ದಾಟಿ ಬಂದ ನಾರ್ಮನ್ ದೊರಿ ಯುದ್ಧ ಗೆದ್ದು ಅವರ ಹೊಲಾ ಮನಿ ಕಸಗೊಂಡ. ತಿರುಗಿ ಬಿದ್ದವರ ಊರು ಸುಟ್ಟ. ಕೆಲವ್ರು ಮಾತ್ರ ತಲಿ ಬಗ್ಗಸಲಿಲ್ಲ. ಜವುಗಿನ ನಡುವ ಒಂದು ನಡುಗಡ್ಡಿ ಇತ್ತು, ಅಲ್ಲಿ ಹೋಗಿ ಕುಂತ್ರು. ಸುತ್ತ ಬರೇ ಕೆಸರು. ದೊರೀ ದಂಡು ಇಳದ್ರ ಕುದುರಿ ಸೈತ ಮುಳಗತಿದ್ವು."

"ಶಭಾಶ್!" ಗೌಡರು ತೊಡೆ ತಟ್ಟಿದರು. "ಗಂಡಸರು ಅಂದ್ರ ಅವರು! ಆಮ್ಯಾಲೆ?"

"ಕಡೀಕ ಸಿಕ್ಕಬಿದ್ರು. ಅಲ್ಲೀ ಮಠದ ಸನ್ಯಾಸಿಗಳು, ದೊರಿ ತಮ್ಮ ಹೊಲಾ ಕಸಗೋತಾನಂತ ಹೆದರಿ, ಜವುಗಿನಾಗಿನ ಕಳ್ಳಹಾದಿ ದಂಡಿಗೆ ತೋರಿಸಿದ್ರಂತ."

"ಥೂ, ಹರಾಮಖೋರರು! ಹೊಲದ ಸಲುವಾಗಿ ತಮ್ಮ ಮಂದೀನ ಹಿಡದ ಕೊಟ್ರಲ್ಲ! ಅಂಥವರ ಮನಿ..."

ಗೌಡರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆಯೆದ್ದರೂ ಗೌರವ್ವ ಅತ್ತ ತಿರುಗಲಿಲ್ಲ. ಮಗಳ ತುಟಿ ಅಲುಗಿದ್ದು ಕಂಡು, ಬೇಡ ಮಗಳ ಎಂದು ಕಣ್ಣಲ್ಲೇ ಬೇಡಿಕೊಂಡಳು.

ಶಂಕ್ರವ್ವ ಅವ್ವನ ಕಡೆ ನೋಡಲಿಲ್ಲ. ಎದ್ದು ಗೌಡರ ಎದುರಿಗೆ ಬಂದು ನಿಂತಳು.

"ಅಜ್ಜಾರ, ನಮ್ಮ ಕಾಕಾನ ಹಾದಿ ನೀವು ತೋರಸ್ತೀರೇನ್ರಿ?"